ಮಾಗಡಿಗೆ ಅಕ್ಷರಗಳೆಷ್ಟು?

ಗಣಕಯಂತ್ರದ ಹೊಸ ವಿದ್ಯಾರ್ಥಿಯೂ ಪ್ರಶ್ನೆ ಕೇಳುವ ವಿದ್ಯೆಯೂ

‘ಮಾಗಡಿ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಕಾಗುಣಿತ ಕಲಿತ ಯಾವ ಬಾಲಕನೂ ಬೆರಳು ಮಡಿಸಿ ‘ಮೂರು’ ಎನ್ನುವನು. ಇದೇ ಪ್ರಶ್ನೆಯನ್ನು ಪೈಥಾನ್ ಎಂಬ ಭಾಷೆಯ ಮೂಲಕ ಗಣಕಯಂತ್ರಕ್ಕೆ ಹಾಕಿದರೆ ಅದು ‘5’ ಎನ್ನುವುದು. ಅದಕ್ಕಿಂತ ಹಳೆಯದಾದ ಸಿ ಭಾಷೆಯ ಮೂಲಕ ಕೇಳಿದರೆ ಇಂದಿನ ಬಹುಪಾಲು ಯಂತ್ರಗಳು ‘15’ ಎನ್ನುವುವು. ಬಾಲಕನೂ ತಪ್ಪಿಲ್ಲ, ಯಂತ್ರವೂ ತಪ್ಪಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಇವು ಬೆಂಗಳೂರಿಗೆ ನೆರೆಯ ನಾಲ್ಕು ಊರುಗಳು. ಗಣಕಯಂತ್ರದ ಉದ್ಯಮಕ್ಕೆ ಹೆಸರಾದ ಆ ಮಹಾನಗರ ಇಲ್ಲಿಂದ ಒಂದೆರಡು ಗಂಟೆಯ ಪ್ರಯಾಣ. ಈ ಊರುಗಳಲ್ಲೊಂದರ ಕಾಲೇಜಿನಲ್ಲಿ ಮೊದಲನೆಯ ವರ್ಷ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಆಕೆ ಕಾಲೇಜಿನ ಗೋಡೆಪತ್ರಿಕೆಗಾಗಿ ಒಂದು ಪದಬಂಧವನ್ನು ಸಿದ್ಧಪಡಿಸಬೇಕು. ಪದಗಳನ್ನು ಕೊಟ್ಟರೆ ಅವುಗಳಿಗೆ ತಕ್ಕಷ್ಟು ಮನೆಗಳನ್ನು ಬರೆದುಕೊಡುವ ಕ್ರಮವಿಧಿಯೊಂದನ್ನು, ಎಂದರೆ ಪ್ರೋಗ್ರಾಮನ್ನು, ಪೈಥಾನ್ ಭಾಷೆಯಲ್ಲಿ ರಚಿಸಿ, ತನಗೆ ಪರಿಚಿತವಾದ ಈ ನಾಲ್ಕು ಊರುಗಳ ಹೆಸರನ್ನೇ ಕೊಟ್ಟು ನೋಡುವಳು. ಮನೆಗಳು 5, 5, 5, 3 ಆಗಬೇಕಾಗಿತ್ತು. ಯಂತ್ರ ಕೊಟ್ಟದ್ದು 6, 9, 6, 5!

ಆಕೆ ಗಾಬರಿಗೊಂಡು, ಜಗತ್ತಿನ ಪ್ರೋಗ್ರಾಮುಕಾರರು ಪರಸ್ಪರ ನೆರವಾಗುವ ಅಂತರಜಾಲದ ಬಳಗವೊಂದಕ್ಕೆ ಹೀಗೆ ಬರೆಯುವಳು: “ನನ್ನ ಪ್ರೋಗ್ರಾಮು ಸರಿಯಾಗಿ ನಡೆಯುತ್ತಿಲ್ಲ. ದಯಮಾಡಿ ಬೇಗನೆ ಸಹಾಯ ಮಾಡಿ.” ಒಂದು ದಿನ ಕಳೆದರೂ ಉತ್ತರವಿಲ್ಲ. ಎರಡನೆಯ ದಿನ ಯಾರೋ ಒಬ್ಬರು ‘ಇದು ಪ್ರಶ್ನೆಯೇ ಅಲ್ಲ’ ಎಂದು ಬರೆದು ಸುಮ್ಮನಾಗುವರು. ತನಗೆ ಈ ವಿದ್ಯೆ ಹತ್ತದೆಂದು ಆಕೆ ಪುಸ್ತಕವನ್ನು ಮುಚ್ಚಿಡುವ ಸಂಭವವೇ ಹೆಚ್ಚು. ಹೀಗೆ ಮುಚ್ಚಿದ ಪುಸ್ತಕಗಳು ನಮ್ಮಲ್ಲಿ ಕಡಮೆಯಿಲ್ಲ. ಆದುದರಿಂದ ಪ್ರಶ್ನೆ ಕೇಳುವುದೂ ಒಂದು ವಿದ್ಯೆಯೇ ಎಂಬುದನ್ನು, ಅದು ವಿಜ್ಞಾನದ ವಿಧಾನಕ್ಕೆ ಎಷ್ಟು ಹತ್ತಿರದ್ದೆಂಬುದನ್ನು ಇಲ್ಲಿ ವಿಚಾರಿಸೋಣ.

ತಪ್ಪು ಹೊಸಬರ ಸೊತ್ತಲ್ಲ

ಮೊದಲನೆಯದಾಗಿ, ಪ್ರೋಗ್ರಾಮಿನಲ್ಲಿ ತಪ್ಪು ಮಾಡುವುದು ಅವಮಾನದ ಸಂಗತಿಯಲ್ಲ. 1949ರ ಮೇ 6ರಂದು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಎಡ್‌ಸ್ಯಾಕ್ ಎಂಬ ಗಣಕಯಂತ್ರ ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದನ್ನು ನಿರ್ಮಿಸಿದ ಮಾರಿಸ್ ವಿಲ್ಕ್ಸ್ ಅವರಿಗೆ ಆ ವರ್ಷವೇ ಒಂದು ಸತ್ಯ ಹೊಳೆಯಿತು: ತಮ್ಮ ಉಳಿದ ಬಾಳಿನ ಬಹುಭಾಗ ತಮ್ಮವೇ ಪ್ರೋಗ್ರಾಮುಗಳ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆ ಎಂದು! ಯಂತ್ರವನ್ನು ಕಟ್ಟಿದವರ ಪಾಡೇ ಹೀಗಿದ್ದಮೇಲೆ ಮೊದಲ ವರ್ಷದ ವಿದ್ಯಾರ್ಥಿಯ ಮಾತೇನು?

ಇಂಥ ದೋಷಗಳನ್ನು ಇಂಗ್ಲಿಷಿನಲ್ಲಿ ‘ಬಗ್’, ಅಂದರೆ ಹುಳು, ಎನ್ನುವರು. ಯಂತ್ರದ ದೋಷಕ್ಕೆ ಈ ಮಾತನ್ನು 1878ರಲ್ಲಿಯೇ ಥಾಮಸ್ ಎಡಿಸನ್ ಬಳಸಿದ್ದುಂಟು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ಮಾರ್ಕ್ 2 ಯಂತ್ರದ ರಿಲೇಯೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಬಿದ್ದಿತ್ತು. ಅಲ್ಲಿನವರು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿ, ಹುಳು ನಿಜವಾಗಿ ದೊರೆತದ್ದು ಇದೇ ಮೊದಲು ಎಂಬ ಅರ್ಥದ ವಿನೋದದ ಟಿಪ್ಪಣಿಯನ್ನು ಬರೆದರು. ಅವರು ಮಾಡಿದ ಕೆಲಸವನ್ನು ಗಮನಿಸಬೇಕು. ದಿನ, ಹೊತ್ತು, ದೋಷ ಕಂಡ ಸ್ಥಳ ಎಲ್ಲವನ್ನೂ ಕ್ರಮವಾಗಿ ಬರೆದಿಟ್ಟರು. ದೋಷವನ್ನು ಬರೆದಿಡುವ ಅಭ್ಯಾಸದಿಂದಲೇ ದೋಷ ನಿವಾರಣೆಯ ಶಾಸ್ತ್ರ ಪ್ರಾರಂಭವಾಗುವುದು.

ತಪ್ಪುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಆಜ್ಞೆಯ ಕಾಗುಣಿತವೋ ಆವರಣ ಚಿಹ್ನೆಯೋ ತಪ್ಪಿದರೆ ಯಂತ್ರ ಕೆಲಸವನ್ನು ಪ್ರಾರಂಭಿಸುವುದೇ ಇಲ್ಲ. ಇದು ಭಾಷೆಯ ದೋಷ. ಪ್ರಾರಂಭಿಸಿ, ನಡುವೆ ಸೊನ್ನೆಯಿಂದ ಭಾಗಿಸಬೇಕಾಗಿ ಬಂದೋ ಇಲ್ಲದ ಕಡತವನ್ನು ಹುಡುಕಬೇಕಾಗಿ ಬಂದೋ ನಿಂತುಬಿಟ್ಟರೆ ಅದು ನಡೆಯುವಾಗಿನ ದೋಷ. ಮೂರನೆಯದು ತರ್ಕದೋಷ. ಇದರಲ್ಲಿ ಯಂತ್ರ ಯಾವ ತಕರಾರನ್ನೂ ಮಾಡದೆ ಕೊನೆಯವರೆಗೆ ದುಡಿದು, ತಪ್ಪು ಉತ್ತರವನ್ನು ನಿಶ್ಚಿಂತೆಯಿಂದ ಕೊಡುವುದು. ಎಲ್ಲಕ್ಕಿಂತ ಅಪಾಯಕರವಾದದ್ದು ಇದೇ.

ಒಂದು ಉದಾಹರಣೆಯನ್ನು ನೋಡಿ. ರೈತನೊಬ್ಬನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಂದು ದಿನ 50 ಕಿಲೋ, ಇನ್ನೊಂದು ದಿನ 60 ಕಿಲೋ ಗೂಡನ್ನು ತಂದನೆನ್ನಿ. ಎರಡೂ ತೂಕಗಳನ್ನು ಕೀಲಿಮಣೆಯಿಂದ ಪಡೆದು ಕೂಡಿಸುವ ಪ್ರೋಗ್ರಾಮನ್ನು ಅವನ ಮಗ ಪೈಥಾನಿನಲ್ಲಿ ಬರೆಯುವನು. 110 ಬರಬೇಕಾದಲ್ಲಿ ಯಂತ್ರ 5060 ಎನ್ನುವುದು! ಕೀಲಿಮಣೆಯಿಂದ ಬಂದದ್ದನ್ನು ಯಂತ್ರ ಸಂಖ್ಯೆಯೆಂದಲ್ಲ, ಬರಿಯ ಲಿಪಿಯೆಂದು ಇಟ್ಟುಕೊಂಡಿರುವುದು. ಎರಡು ಲಿಪಿಗಳನ್ನು ಕೂಡು ಎಂದರೆ ಒಂದರ ಪಕ್ಕಕ್ಕೆ ಇನ್ನೊಂದನ್ನು ಜೋಡಿಸುವುದೇ ಅದಕ್ಕೆ ತಿಳಿದ ಅರ್ಥ. ‘ಇದನ್ನು ಪೂರ್ಣಾಂಕವಾಗಿ ತಿಳಿ’ ಎಂಬ ಸೂಚನೆಯನ್ನು ಸೇರಿಸಿದೊಡನೆ 110 ಬರುವುದು.

ದತ್ತಾಂಶದ ಬಗೆಯನ್ನು ಕುರಿತ ಇಂಥ ಎಚ್ಚರದ ಕೊರತೆ ಹೊಸಬರಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. 1996ರ ಜೂನ್ 4ರಂದು ಯೂರೋಪಿನ ಏರಿಯಾನ್ 5 ರಾಕೆಟ್ಟು ತನ್ನ ಮೊದಲನೆಯ ಹಾರಾಟದಲ್ಲಿ ಒಂದು ನಿಮಿಷವೂ ತುಂಬುವ ಮೊದಲೇ ನಾಶವಾಯಿತು. 64 ಬಿಟ್ಟುಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ಟುಗಳ ಪೂರ್ಣಾಂಕದಲ್ಲಿ ತುಂಬಲು ಹೊರಟದ್ದೂ, ಅಲ್ಲಿ ಅದು ಹಿಡಿಸದೆ ಹೋದದ್ದೂ ಅದಕ್ಕೆ ಕಾರಣವಾಗಿತ್ತು.

ಕೇಳುವವರ ಪರಂಪರೆ

ಇನ್ನೊಬ್ಬರನ್ನು ಕೇಳಿ ಕಲಿಯುವ ಪದ್ಧತಿಯೂ ಗಣಕಯಂತ್ರದಷ್ಟೇ ಹಳೆಯದು. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಸುತ್ತಣ ಐಬಿಎಂ 701 ಯಂತ್ರಗಳ ಬಳಕೆದಾರರು ಕೂಡಿ ‘ಷೇರ್’ ಎಂಬ ಬಳಗವನ್ನು ಕಟ್ಟಿಕೊಂಡರು. ಒಬ್ಬರು ಬರೆದ ಪ್ರೋಗ್ರಾಮನ್ನು ಮತ್ತೊಬ್ಬರು ಬಳಸುವುದು, ಒಬ್ಬರಿಗೆ ಎದುರಾದ ತೊಡಕನ್ನು ಇನ್ನೊಬ್ಬರು ಬಿಡಿಸುವುದು ಅವರ ಉದ್ದೇಶ. ನಮ್ಮ ದೇಶದಲ್ಲಿ 1963ರಲ್ಲಿ ಕಾನ್‌ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂದಿತು. ಆಗಿನ ವಿದ್ಯಾರ್ಥಿಗಳು ಪ್ರೋಗ್ರಾಮನ್ನು ರಂಧ್ರ ಕೊರೆದ ರಟ್ಟುಗಳ ಮೇಲೆ ಸಿದ್ಧಪಡಿಸಬೇಕಾಗಿತ್ತು. ಅಲ್ಲಿ ಪಾಠ ಹೇಳಿದ ವಿ. ರಾಜಾರಾಮನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅಧ್ಯಾಪಕರಾಗಿದ್ದರು. ಅವರ ಪಠ್ಯಪುಸ್ತಕಗಳಿಂದ ದೇಶದ ಅಸಂಖ್ಯ ವಿದ್ಯಾರ್ಥಿಗಳು ಪ್ರೋಗ್ರಾಮು ಬರೆಯುವುದನ್ನು ಕಲಿತರು.

1980ರಲ್ಲಿ ದೂರವಾಣಿ ತಂತಿಗಳ ಮೂಲಕ ವಿಶ್ವವಿದ್ಯಾನಿಲಯಗಳನ್ನು ಕೂಡಿಸುವ ಯೂಸ್‌ನೆಟ್ ಪ್ರಾರಂಭವಾದಮೇಲೆ ಈ ಮಾತುಕತೆಗೆ ಊರು ದೇಶಗಳ ಎಲ್ಲೆ ಇಲ್ಲದಂತಾಯಿತು. 1991ರ ಜುಲೈ ತಿಂಗಳಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿಯೊಬ್ಬನು ಅಲ್ಲಿ ಒಂದು ಪ್ರಶ್ನೆಯನ್ನು ಹಾಕಿದನು. ಪಾಸಿಕ್ಸ್ ಎಂಬ ಮಾನಕದ ನಿಯಮಾವಳಿ ಎಲ್ಲಿ ದೊರೆಯುವುದು ಎಂಬುದಷ್ಟೇ ಆ ಪ್ರಶ್ನೆ. ಕೇಳಿದವನು ಲೀನಸ್ ಟೋರ್ವಾಲ್ಡ್ಸ್. ಅವನು ಆಗ ರಚಿಸುತ್ತಿದ್ದುದು, ಮುಂದೆ ಲಿನಕ್ಸ್ ಎಂದು ಲೋಕಪ್ರಸಿದ್ಧವಾದ ಕಾರ್ಯವ್ಯವಸ್ಥೆ. ಪ್ರಶ್ನೆ ಚಿಕ್ಕದಾಗಿತ್ತು, ಆದರೆ ಕೇಳಿದವನಿಗೆ ಏನು ಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿತ್ತು.

2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ಇಬ್ಬರೂ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ಭಂಡಾರವನ್ನು ತೆರೆದರು. ಅಲ್ಲಿನ ಪ್ರಶ್ನೋತ್ತರಗಳನ್ನು ಯಾರು ಬೇಕಾದರೂ ಓದಬಹುದು, ಮೂಲವನ್ನು ಹೆಸರಿಸಿ ಬಳಸಬಹುದು. ಬೆಂಗಳೂರಿನಲ್ಲಿಯೂ ಪೈಥಾನ್ ಬಳಸುವವರ ‘ಬ್ಯಾಂಗ್‌ಪೈಪರ್ಸ್’ ಎಂಬ ಬಳಗವಿದೆ; ಪೈಥಾನ್ ಭಾಷೆಯ ಭಾರತೀಯ ಸಮ್ಮೇಳನ ಮೊದಲ ಬಾರಿಗೆ 2009ರಲ್ಲಿ ನಡೆದದ್ದು ಬೆಂಗಳೂರಿನಲ್ಲಿಯೇ. ಮುಂಬಯಿಯ ಐಐಟಿ ನಡೆಸುವ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಕಿರುಪಾಠಗಳು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ದೊರೆಯುವುವು. ಎಂದಮೇಲೆ ಕೇಳುವುದಕ್ಕೆ ಸ್ಥಳವಿಲ್ಲವೆಂಬ ಮಾತು ಇಂದು ನಿಲ್ಲದು. ಕೇಳುವ ಬಗೆಯನ್ನು ಕಲಿಯುವುದೇ ಉಳಿದಿರುವ ಕೆಲಸ.

ಅಪರಿಚಿತನಿಗೆ ಏನು ಕಾಣುವುದು?

ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಓದಿದವನು ಸಾವಿರಾರು ಮೈಲಿ ದೂರದಲ್ಲಿರಬಹುದು. ಆಕೆಯ ಯಂತ್ರದ ಪರದೆ ಅವನಿಗೆ ಕಾಣುವುದಿಲ್ಲ. ಯಾವ ಭಾಷೆಯಲ್ಲಿ ಬರೆದಿರುವಳು, ಏನು ಬರಬೇಕಾಗಿತ್ತು, ಏನು ಬಂದಿತು ಎಂಬ ಯಾವುದೂ ಗೊತ್ತಿಲ್ಲ. ‘ಹೊಟ್ಟೆನೋವು, ಔಷಧಿ ಕೊಡಿ’ ಎಂದು ಕಾಗದದಲ್ಲಿ ಬರೆದು ಕಳುಹಿಸಿದರೆ ವೈದ್ಯನು ತಾನೆ ಏನು ಮಾಡಿಯಾನು? ಉತ್ತರಿಸುವವರಲ್ಲಿ ಬಹುಮಂದಿ ತಮ್ಮ ಬಿಡುವಿನ ಹೊತ್ತಿನಲ್ಲಿ, ಸಂಬಳವಿಲ್ಲದೆ ಈ ಕೆಲಸ ಮಾಡುವವರೆಂಬುದನ್ನೂ ನೆನೆಯಬೇಕು.

ಆದುದರಿಂದ ಒಳ್ಳೆಯ ಪ್ರಶ್ನೆಯಲ್ಲಿ ನಾಲ್ಕು ಅಂಗಗಳಿರಬೇಕು. ಏನು ಮಾಡಹೊರಟೆ ಎಂಬುದು ಒಂದು. ಅದಕ್ಕಾಗಿ ಬರೆದ ಆಜ್ಞೆಗಳು ಎರಡನೆಯದು. ಯಾವ ದತ್ತಾಂಶಕ್ಕೆ ಯಾವ ಉತ್ತರವನ್ನು ನಿರೀಕ್ಷಿಸಿದೆ ಎಂಬುದು ಮೂರನೆಯದು. ನಿಜವಾಗಿ ಬಂದದ್ದೇನು ಎಂಬುದು ನಾಲ್ಕನೆಯದು. ಭೌತಶಾಸ್ತ್ರದ ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಇದಕ್ಕೆ ಹೋಲಿಸಿ ನೋಡಿ. ಉದ್ದೇಶ, ವಿಧಾನ, ನಿರೀಕ್ಷೆ, ವೀಕ್ಷಣೆ: ಅದೇ ನಾಲ್ಕು ಅಂಗಗಳು! ಮತ್ತೊಬ್ಬನು ತನ್ನ ಮೇಜಿನ ಮೇಲೆ ಪುನಃ ಮಾಡಿ ನೋಡಬಲ್ಲ ಪ್ರಯೋಗಕ್ಕೆ ಮಾತ್ರ ವಿಜ್ಞಾನದಲ್ಲಿ ಬೆಲೆ. ಒಳ್ಳೆಯ ಪ್ರಶ್ನೆಯೂ ಅಂಥದೇ. ಅಪರಿಚಿತನು ತನ್ನ ಯಂತ್ರದಲ್ಲಿ ಅದೇ ತಪ್ಪನ್ನು ಹುಟ್ಟಿಸಿ ನೋಡುವಂತಿರಬೇಕು.

ಯಂತ್ರ ಕೊಟ್ಟ ದೋಷದ ಸಂದೇಶವನ್ನು ಮಾತು ಬದಲಿಸದೆ, ಒಂದು ಅಕ್ಷರವನ್ನೂ ಬಿಡದೆ ನಕಲು ಮಾಡತಕ್ಕದ್ದು. ಸಂದೇಶ ಇಂಗ್ಲಿಷಿನಲ್ಲಿರುವುದರಿಂದ ಅದನ್ನು ಕಂಡೊಡನೆ ನಮ್ಮ ವಿದ್ಯಾರ್ಥಿಗಳು ಹೆದರಿ ಅಳಿಸಿಬಿಡುವುದುಂಟು. ಅದು ಬೈಗುಳವಲ್ಲ, ದಾರಿ ತೋರುವ ಫಲಕ. ಪೈಥಾನಿನಲ್ಲಿ ಆ ಸಂದೇಶದ ಕೊನೆಯ ಸಾಲನ್ನು ಮೊದಲು ಓದಬೇಕು. ದೋಷದ ಬಗೆ ಅಲ್ಲಿರುವುದು. ದೋಷ ಹೊರಬಿದ್ದ ಸಾಲಿನ ಸಂಖ್ಯೆ ಅದರ ಮೇಲುಗಡೆ ಇರುವುದು.

ಇನ್ನೊಂದು ಮುಖ್ಯವಾದ ಮಾತು: ಪ್ರಶ್ನೆ ಸಾಧ್ಯವಾದಷ್ಟು ಚಿಕ್ಕದಾಗಿರಬೇಕು. ರಾಮನಗರದಲ್ಲಿ ರೇಷ್ಮೆ ನೂಲನ್ನು ಬಿಚ್ಚುವವರನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಬೆಂದ ಗೂಡನ್ನು ಬಿಸಿನೀರಿನಲ್ಲಿ ಬಿಟ್ಟು, ಮೇಲಿನ ಸಿಕ್ಕನ್ನು ತೆಗೆದುಹಾಕಿ, ನಿಜವಾದ ಎಳೆಯ ತುದಿಯನ್ನು ಹಿಡಿದರೆ ನೂರಾರು ಮೀಟರು ಉದ್ದದ ಒಂದೇ ಎಳೆ ಸರಾಗವಾಗಿ ಬಿಚ್ಚಿ ಬರುವುದು. ತುದಿಯನ್ನು ಬಿಟ್ಟು ನಡುವೆ ಕೈಹಾಕಿದರೆ ಉಳಿಯುವುದು ಸಿಕ್ಕು ಮಾತ್ರ. ಪ್ರೋಗ್ರಾಮಿನಲ್ಲಿಯೂ ತಪ್ಪಿಗೆ ಸಂಬಂಧಪಡದ ಭಾಗವನ್ನೆಲ್ಲ ತೆಗೆದುಹಾಕಿ ಎಳೆಯ ತುದಿಯನ್ನು ಹಿಡಿಯಬೇಕು.

ಹಿಡಿಯುವುದು ಹೇಗೆ? ಅರೆಪಾಲು ಮಾಡುತ್ತ ಹೋಗುವುದೊಂದು ಉಪಾಯ. ಸಾವಿರ ಸಾಲಿನ ಪ್ರೋಗ್ರಾಮಿನಲ್ಲಿ ಒಂದು ಕಡೆ ತಪ್ಪಿದೆ ಎನ್ನಿ. ನಡುವೆ ನಿಲ್ಲಿಸಿ, ಅಲ್ಲಿಯವರೆಗೆ ಬಂದ ಬೆಲೆಗಳು ಸರಿಯೇ ಎಂದು ಪರೀಕ್ಷಿಸಿ. ಸರಿಯಾಗಿದ್ದರೆ ತಪ್ಪು ಕೆಳಗಿನ 500 ಸಾಲುಗಳಲ್ಲಿದೆ. ಇಲ್ಲವಾದರೆ ಮೇಲಿನ 500ರಲ್ಲಿ. ಮುಂದೆ 250, ಆಮೇಲೆ 125. ಎರಡರ ಹತ್ತನೆಯ ಘಾತ 1024 ಆದುದರಿಂದ ಹತ್ತು ಪರೀಕ್ಷೆಗಳಲ್ಲಿ ತಪ್ಪಿನ ಸಾಲು ಕೈಗೆ ಸಿಕ್ಕುವುದು. ಸಾವಿರ ಸಾಲನ್ನು ಒಂದೊಂದಾಗಿ ಓದುವ ಶ್ರಮಕ್ಕೂ ಇದಕ್ಕೂ ಎಷ್ಟು ಅಂತರ!

ನಾಲ್ಕು ಊರುಗಳ ಪಟ್ಟಿ

ಈಗ ನಮ್ಮ ವಿದ್ಯಾರ್ಥಿನಿಯ ಸಮಸ್ಯೆಗೆ ಹಿಂದಿರುಗೋಣ. ಆಕೆ ಪದಬಂಧದ ಚಿತ್ರ, ಮನೆಗಳ ಬಣ್ಣ, ಸುಳಿವುಗಳು ಎಲ್ಲವನ್ನೂ ಬದಿಗಿಟ್ಟು ‘ಈ ಪದದ ಉದ್ದವೆಷ್ಟು’ ಎಂದು ಕೇಳುವ ಒಂದೇ ಸಾಲಿನ ಆಜ್ಞೆಯನ್ನು ಉಳಿಸಿಕೊಳ್ಳಲಿ. ಎದುರಿಗೆ ಒಂದು ಪಟ್ಟಿಯನ್ನು ಬರೆದುಕೊಳ್ಳಲಿ:

ರಾಮನಗರ: ಬೇಕಾದದ್ದು 5, ಬಂದದ್ದು 6.
ಚನ್ನಪಟ್ಟಣ: ಬೇಕಾದದ್ದು 5, ಬಂದದ್ದು 9.
ಕನಕಪುರ: ಬೇಕಾದದ್ದು 5, ಬಂದದ್ದು 6.
ಮಾಗಡಿ: ಬೇಕಾದದ್ದು 3, ಬಂದದ್ದು 5.

ಪಟ್ಟಿಯನ್ನು ಬರೆದೊಡನೆಯೇ ಸಮಸ್ಯೆಯ ಮುಖ ಬದಲಾಗುವುದು. ತಪ್ಪು ಎಲ್ಲ ಪದಗಳಿಗೂ ಒಂದೇ ಸಮನಾಗಿಲ್ಲ. ಹೆಚ್ಚಾಗಿ ಬಂದದ್ದು ಕ್ರಮವಾಗಿ 1, 4, 1, 2. ಇದಕ್ಕೊಂದು ನಿಯಮವಿರಬೇಕಲ್ಲವೆ? ‘ರಾಮನಗರ’ದಲ್ಲಿ ಒಂದು ದೀರ್ಘವಿದೆ. ‘ಕನಕಪುರ’ದಲ್ಲಿ ಒಂದು ಕೊಂಬಿದೆ. ‘ಮಾಗಡಿ’ಯಲ್ಲಿ ಒಂದು ದೀರ್ಘ, ಒಂದು ಗುಡಿಸು. ಹಾಗಾದರೆ ಪ್ರತಿಯೊಂದು ಸ್ವರಚಿಹ್ನೆಗೂ ಒಂದು ಹೆಚ್ಚು. ‘ಚನ್ನಪಟ್ಟಣ’ದಲ್ಲಿ ಸ್ವರಚಿಹ್ನೆಗಳಿಲ್ಲ, ಎರಡು ಒತ್ತಕ್ಷರಗಳಿವೆ. ಹೆಚ್ಚಾದದ್ದು 4 ಆದುದರಿಂದ ಪ್ರತಿಯೊಂದು ಒತ್ತಿಗೂ ಎರಡು ಹೆಚ್ಚು ಎಂದು ಊಹಿಸಬಹುದು.

ಊಹೆಯನ್ನು ಪರೀಕ್ಷಿಸದೆ ನಂಬಬಾರದು. ‘ಮೈಸೂರು’ ಎಂಬುದರಲ್ಲಿ ಅಕ್ಷರ 3, ಸ್ವರಚಿಹ್ನೆ 3. ಊಹೆ ನಿಜವಾದರೆ 6 ಬರಬೇಕು. ಯಂತ್ರವೂ 6 ಎನ್ನುವುದು. ‘ಬೆಂಗಳೂರು’ ಎಂಬುದರಲ್ಲಿ ಅಕ್ಷರ 4, ಸ್ವರಚಿಹ್ನೆ 3. ಆದುದರಿಂದ 7 ಬರಬೇಕು. ಆದರೆ ಯಂತ್ರ 8 ಎನ್ನುವುದು! ನಿಯಮ ಮುರಿಯಿತೇ? ಇಲ್ಲ, ಅದು ಅಪೂರ್ಣವಾಗಿತ್ತು. ‘ಬೆಂ’ ಎಂಬಲ್ಲಿರುವ ಸೊನ್ನೆಯನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅನುಸ್ವಾರಕ್ಕೂ ಒಂದು ಎಂದು ಸೇರಿಸಿದರೆ ನಿಯಮ ಮತ್ತೆ ನಿಲ್ಲುವುದು. ನೋಡಿ, ಸಹಾಯ ಕೇಳುವುದಕ್ಕಾಗಿ ಪ್ರಶ್ನೆಯನ್ನು ಚೊಕ್ಕಟ ಮಾಡಹೊರಟವಳು ವೀಕ್ಷಣೆ, ಊಹೆ, ಪರೀಕ್ಷೆ, ತಿದ್ದುಪಡಿ ಎಂಬ ವಿಜ್ಞಾನದ ನಾಲ್ಕು ಮೆಟ್ಟಿಲುಗಳನ್ನೂ ತನಗರಿವಿಲ್ಲದೆಯೇ ಹತ್ತಿರುವಳು.

ಈಗ ಆಕೆಯ ಪ್ರಶ್ನೆ ಹೀಗಾಗುವುದು: “ಪೈಥಾನಿನಲ್ಲಿ ಕನ್ನಡ ಪದದ ಉದ್ದವನ್ನು ಕೇಳಿದರೆ ಸ್ವರಚಿಹ್ನೆ, ಅನುಸ್ವಾರಗಳಿಗೆ ಒಂದೊಂದೂ ಒತ್ತಿಗೆ ಎರಡೂ ಹೆಚ್ಚಾಗಿ ಬರುತ್ತವೆ. ಉದಾಹರಣೆಗೆ, ಮಾಗಡಿಗೆ 3ರ ಬದಲು 5. ಓದುವ ಅಕ್ಷರಗಳನ್ನೇ ಎಣಿಸುವುದು ಹೇಗೆ?” ಇದನ್ನು ಓದಿದ ತಿಳಿದವರು ಉತ್ತರ ಬರೆಯದೆ ಇರಲಾರರು.

ಉತ್ತರವೇನು? ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಮಾನಕದ ಮೊದಲ ಆವೃತ್ತಿ 1991ರಲ್ಲಿ ಹೊರಬಂದಿತು. ಅದರಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ‘ಕ’ ಎಂಬುದಕ್ಕೆ 3221. ಗುಣಿತಾಕ್ಷರಗಳಿಗೆ ಬೇರೆ ಸಂಖ್ಯೆಗಳಿಲ್ಲ. ವ್ಯಂಜನಕ್ಕೆ ಒಂದು, ಸ್ವರಚಿಹ್ನೆಗೆ ಇನ್ನೊಂದು. ಮಾಗಡಿ ಎಂದರೆ ಯಂತ್ರದ ನೆನಪಿನಲ್ಲಿ 3246, 3262, 3223, 3233, 3263: ಮ, ದೀರ್ಘ, ಗ, ಡ, ಗುಡಿಸು. ಎಣಿಸಿದರೆ ಐದು! ‘ನ್ನ’ ಎಂಬ ಒತ್ತಕ್ಷರದಲ್ಲಿ ಮೊದಲ ನ, ಅದರ ಸ್ವರವನ್ನು ಕಳೆಯುವ ಚಿಹ್ನೆ, ಎರಡನೆಯ ನ ಹೀಗೆ ಮೂರು ಸಂಖ್ಯೆಗಳು. ಒತ್ತಿಗೆ ಎರಡು ಹೆಚ್ಚಾದದ್ದು ಇದರಿಂದ. ಇನ್ನು 15 ಎಂಬುದು ಬಂದದ್ದೆಲ್ಲಿಂದ? ಯುಟಿಎಫ್-8 ಎಂಬ ಕ್ರಮದಲ್ಲಿ ಶೇಖರಿಸುವಾಗ ಕನ್ನಡದ ಪ್ರತಿಯೊಂದು ಸಂಖ್ಯೆಗೂ ಮೂರು ಬೈಟುಗಳ ಜಾಗ ಬೇಕು, ಐದಕ್ಕೆ ಹದಿನೈದು. ಸಿ ಭಾಷೆ ಎಣಿಸುವುದು ಬೈಟುಗಳನ್ನು. ಬಾಲಕ, ಪೈಥಾನ್, ಸಿ ಮೂವರೂ ಸರಿಯಾಗಿಯೇ ಎಣಿಸಿದರು. ಎಣಿಸಿದ ವಸ್ತು ಮಾತ್ರ ಬೇರೆ ಬೇರೆ.

ಪರಿಹಾರವೂ ಇದರಿಂದಲೇ ಹೊರಡುವುದು. ಸ್ವರಚಿಹ್ನೆಗಳನ್ನೂ ಅನುಸ್ವಾರ ವಿಸರ್ಗಗಳನ್ನೂ ಎಣಿಸಬೇಡ. ಸ್ವರವನ್ನು ಕಳೆಯುವ ಚಿಹ್ನೆಯನ್ನೂ ಅದರ ಹಿಂದೆಯೇ ಬರುವ ವ್ಯಂಜನವನ್ನೂ ಬಿಡು. ಉಳಿದ ಸ್ವರ ವ್ಯಂಜನಗಳನ್ನು ಎಣಿಸು. ಈ ನಿಯಮವನ್ನು ‘ಚನ್ನಪಟ್ಟಣ’ಕ್ಕೆ ಅನ್ವಯಿಸಿ ನೋಡಿ; 9 ಇಳಿದು 5 ಆಗುವುದು. ನಮ್ಮ ಕಾಗುಣಿತವನ್ನು ಯಂತ್ರಕ್ಕೆ ಕಲಿಸಿದಂತಾಯಿತು. ಇದೇ ನಿಯಮವನ್ನು ಬಳಸಿ ಪದವನ್ನು ಹಿಂದುಮುಂದಾಗಿ ಬರೆಯುವ ಪ್ರೋಗ್ರಾಮನ್ನು ಓದುಗರು ಪ್ರಯತ್ನಿಸಬಹುದು. ಸಂಖ್ಯೆಗಳನ್ನು ಸುಮ್ಮನೆ ತಿರುವಿಹಾಕಿದರೆ ಮಾಗಡಿಯ ಗುಡಿಸು ಆಧಾರವಿಲ್ಲದೆ ಮೊದಲಲ್ಲಿ ನಿಲ್ಲುವುದು, ‘ಮ’ದ ದೀರ್ಘ ಹೋಗಿ ‘ಗ’ಕ್ಕೆ ಅಂಟುವುದು. ‘ಡಿಗಮಾ’ ಎಂದು ಬರುವಂತೆ ಮಾಡುವುದೇ ಜಾಣ್ಮೆ.

ಗೊಂಬೆಗೆ ಪಾಠ

1999ರಲ್ಲಿ ಪ್ರಕಟವಾದ ಪ್ರೋಗ್ರಾಮುಕಾರರ ಕೈಪಿಡಿಯೊಂದರಲ್ಲಿ ಆಂಡ್ರೂ ಹಂಟ್ ಮತ್ತು ಡೇವಿಡ್ ಥಾಮಸ್ ಒಂದು ವಿನೋದವಾದ ಉಪಾಯವನ್ನು ಹೇಳಿರುವರು. ಮೇಜಿನ ಮೇಲೆ ರಬ್ಬರಿನ ಬಾತುಕೋಳಿಯೊಂದನ್ನು ಇಟ್ಟುಕೊಂಡು, ತಮ್ಮ ಪ್ರೋಗ್ರಾಮನ್ನು ಸಾಲು ಸಾಲಾಗಿ ಅದಕ್ಕೆ ವಿವರಿಸಬೇಕಂತೆ. ಅದು ಉತ್ತರಿಸುವುದಿಲ್ಲ. ಆದರೆ ವಿವರಿಸುತ್ತಿರುವಾಗಲೇ ನಮ್ಮ ತಪ್ಪು ನಮಗೆ ಹೊಳೆಯುವುದು. ನಮ್ಮವರಿಗೆ ರಬ್ಬರಿನ ಬಾತುಕೋಳಿಯೇ ಏಕೆ? ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ ಇದಕ್ಕಿಂತ ಸೊಗಸಾದೀತು.

ಇದರಲ್ಲಿ ಮಾಯೆಯೇನೂ ಇಲ್ಲ. ಮನಸ್ಸಿನಲ್ಲಿ ಯೋಚಿಸುವಾಗ ನಾವು ‘ಇದು ಸರಿಯಾಗಿಯೇ ಇದೆ’ ಎಂದು ಹಲವು ಮೆಟ್ಟಿಲುಗಳನ್ನು ಹಾರಿಬಿಡುವೆವು. ಬಾಯಿಬಿಟ್ಟು ಹೇಳುವಾಗ ಹಾರಲಾಗುವುದಿಲ್ಲ. ‘ಇಲ್ಲಿ ಎರಡು ತೂಕಗಳು ಕೀಲಿಮಣೆಯಿಂದ ಬರುವುವು’ ಎಂದು ಗೊಂಬೆಗೆ ಹೇಳಿದ ಹುಡುಗನಿಗೆ ‘ಬಂದದ್ದು ಸಂಖ್ಯೆಯೇ?’ ಎಂಬ ಸಂಶಯ ತಾನಾಗಿ ಹುಟ್ಟಬಹುದು. ಜಾಗರೂಕತೆಯಿಂದ ಪ್ರಶ್ನೆಯನ್ನು ಬರೆಯುವವರಿಗೂ ಇದೇ ಅನುಭವ. ಎಷ್ಟೋ ಪ್ರಶ್ನೆಗಳು ಕಳುಹಿಸುವ ಮೊದಲೇ ಬಗೆಹರಿದುಹೋಗುವುವು.

ಉತ್ತರಿಸುವವರ ಹೊಣೆ

ಹಾಗೆಂದು ಭಾರವನ್ನೆಲ್ಲ ಕೇಳುವವರ ಮೇಲೆ ಹೊರಿಸುವುದು ನ್ಯಾಯವಲ್ಲ. ಹೊಸಬರನ್ನು ಗದರಿಸಿ ಓಡಿಸುವ ಕೆಟ್ಟ ಚಾಳಿ ಇಂಥ ಬಳಗಗಳಲ್ಲಿ ಬಹಳ ಕಾಲದಿಂದ ಉಂಟು. 2018ರ ಏಪ್ರಿಲಿನಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಸಂಸ್ಥೆಯೇ, ಹೊಸಬರಿಗೆ ತಮ್ಮಲ್ಲಿ ತಕ್ಕ ಸ್ವಾಗತವಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ವರ್ಷ, ಮೊದಲ ಬಾರಿಗೆ ಬರೆದವರ ಹೆಸರಿನ ಬಳಿ ‘ಇವರು ಹೊಸಬರು’ ಎಂಬ ಗುರುತನ್ನು ತೋರಿಸುವ ಏರ್ಪಾಡು ಬಂದಿತು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಕಷ್ಟ ಇಮ್ಮಡಿ. ಯಂತ್ರದ ಭಾಷೆಯ ಜೊತೆಗೆ ಪ್ರಶ್ನೆಯನ್ನು ಬರೆಯಬೇಕಾದ ಇಂಗ್ಲಿಷೂ ಅವರಿಗೆ ಹೊಸದು. ವ್ಯಾಕರಣ ತಪ್ಪೀತೆಂಬ ನಾಚಿಕೆಯಿಂದ ಮೌನವಾಗಿ ಉಳಿಯುವವರೇ ಹೆಚ್ಚು. ಅಂಥವರು ಮೊದಲು ಪ್ರಶ್ನೆಯನ್ನು ಕನ್ನಡದಲ್ಲಿ ಪೂರ್ತಿಯಾಗಿ ಬರೆದುಕೊಳ್ಳಲಿ. ವಿಚಾರ ತಿಳಿಯಾದಮೇಲೆ ಭಾಷಾಂತರ ಕಷ್ಟವಲ್ಲ. ‘5 ಬಂದಿತು, 3 ಬರಬೇಕಾಗಿತ್ತು’ ಎಂಬುದನ್ನು ತಿಳಿಸಲು ಎಷ್ಟು ಇಂಗ್ಲಿಷು ಬೇಕು? ದತ್ತಾಂಶ, ಆಜ್ಞೆ, ಉತ್ತರ ಈ ಮೂರನ್ನು ಸರಿಯಾಗಿ ಕೊಟ್ಟರೆ ವ್ಯಾಕರಣವನ್ನು ಯಾರೂ ಎಣಿಸರು. ಕಾಲೇಜುಗಳಲ್ಲಿಯೂ ವಾರಕ್ಕೊಂದು ಗಂಟೆ ‘ಈ ವಾರದ ತಪ್ಪು’ ಎಂದು ಇಟ್ಟುಕೊಂಡು, ಒಬ್ಬರ ದೋಷವನ್ನು ಎಲ್ಲರೂ ಕೂಡಿ ಕನ್ನಡದಲ್ಲಿಯೇ ಬಿಡಿಸುವುದು ಹಣ ಖರ್ಚಿಲ್ಲದ ಕೆಲಸ.

ಉತ್ತರ ಹೇಳುವ ಯಂತ್ರ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಮೇಲೆ ಈ ಕ್ಷೇತ್ರದಲ್ಲಿ ದೊಡ್ಡ ಬದಲಾವಣೆಯಾಗಿದೆ. ಮನುಷ್ಯರನ್ನು ಕೇಳುತ್ತಿದ್ದವರು ಈಗ ಯಂತ್ರವನ್ನೇ ಕೇಳುತ್ತಿರುವರು. ಕನ್ನಡದಲ್ಲಿ ಕೇಳಿದರೂ ಅದು ಉತ್ತರಿಸುವುದು, ಗದರಿಸುವುದಿಲ್ಲ, ಬೇಸರಪಡುವುದೂ ಇಲ್ಲ. ನಾಚುವ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮರುತಿಂಗಳೇ ಸ್ಟ್ಯಾಕ್ ಓವರ್‌ಫ್ಲೋ ಯಂತ್ರ ಬರೆದ ಉತ್ತರಗಳನ್ನು ತನ್ನಲ್ಲಿ ನಿಷೇಧಿಸಿತು. ನೋಡಲು ಸರಿಯಾಗಿ ಕಾಣುವ ಎಷ್ಟೋ ಉತ್ತರಗಳು ತಪ್ಪಾಗಿದ್ದುದೇ ಅದಕ್ಕೆ ಕಾರಣ. ಈ ಯಂತ್ರಗಳು ಅಂದಿಗಿಂತ ಈಗ ಸುಧಾರಿಸಿವೆ. ಆದರೂ ತಪ್ಪನ್ನು ಧೈರ್ಯದಿಂದ ಹೇಳುವ ಗುಣ ಅವುಗಳಿಂದ ಪೂರ್ತಿಯಾಗಿ ಹೋಗಿಲ್ಲ.

ಹೀಗಿರಲು ಉತ್ತರವನ್ನು ಪರೀಕ್ಷಿಸುವವರು ಯಾರು? ಕೇಳಿದವರೇ. ತನಗೆ ಬೇಕಾದದ್ದು 5, 5, 5, 3 ಎಂದು ಪಟ್ಟಿ ಬರೆದಿಟ್ಟುಕೊಂಡವಳು ಯಾರು ಕೊಟ್ಟ ಉತ್ತರವನ್ನಾದರೂ ಕ್ಷಣಮಾತ್ರದಲ್ಲಿ ಒರೆಗೆ ಹಚ್ಚಬಲ್ಲಳು. ಪಟ್ಟಿಯಿಲ್ಲದವಳು ಕೊಟ್ಟದ್ದನ್ನು ನಂಬಬೇಕು. ನೆರವು ನೀಡುವವರು ಮನುಷ್ಯರಾಗಲಿ ಯಂತ್ರವಾಗಲಿ, ಪ್ರಶ್ನೆಯನ್ನು ತಿಳಿಯಾಗಿ ರೂಪಿಸಿದವರ ಕೈಯಲ್ಲಿ ಮಾತ್ರ ಆ ನೆರವು ವಿದ್ಯೆಯಾಗುವುದು. ಉಳಿದವರ ಕೈಯಲ್ಲಿ ಅದು ನಕಲು.

ಕೊನೆಯದಾಗಿ ಒಂದು ಮಾತು. ಸಮಸ್ಯೆ ಬಗೆಹರಿದೊಡನೆ ‘ಸರಿಹೋಯಿತು, ವಂದನೆಗಳು’ ಎಂದು ಬರೆದು ಹೊರಟುಹೋಗುವುದು ಅನೇಕರ ವಾಡಿಕೆ. ಸರಿಹೋದದ್ದು ಹೇಗೆ ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಡುವುದು ಪ್ರಶ್ನೆ ಕೇಳಿದವರ ಋಣ. ನಾಳೆ ಕನಕಪುರದ ಇನ್ನೊಬ್ಬ ಹುಡುಗನು ತನ್ನ ಊರಿನ ಹೆಸರಿಗೆ 6 ಎಂಬ ಉತ್ತರ ಬಂದದ್ದನ್ನು ಕಂಡು ತಬ್ಬಿಬ್ಬಾದಾಗ, ಆ ಎರಡು ಸಾಲುಗಳು ಅವನಿಗಾಗಿ ಅಲ್ಲಿ ಕಾದಿರುವುವು.